ಬಿಪಿ ನೋಡುವ ಕಡೆ ಒಂದು ಕುರ್ಚಿಯನ್ನೂ ಇಡಿ

ಸಂಪಾದಕರಿಗೆ ನಮಸ್ಕಾರ.

ತಿಂಗಳ ಮಾತ್ರೆ ತರಲು ಆಸ್ಪತ್ರೆಗೆ ಹೋದರೆ ನಮ್ಮಂಥ ವಯಸ್ಸಾದವರಿಗೆ ತಪ್ಪದೆ ಮೂರು ಕೆಲಸ ಮಾಡುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ತೂಕದ ಮಷಿನ್ ಮೇಲೆ ನಿಲ್ಲಿಸುತ್ತಾರೆ. ಇವೆಲ್ಲ ಬೇಕೇ ಬೇಕು, ತಕರಾರಿಲ್ಲ. ಆದರೆ ‘ಅಜ್ಜಾರ, ಕೈ ಊರದ ಈ ಕುರ್ಚಿ ಮ್ಯಾಲಿಂದ ಏಳ್ತೀರೇನು?’ ಅಂತ ಕೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅದನ್ನು ಕೇಳಲು ಯಾವ ಮಷಿನ್ನೂ ಬೇಡ. ಕೈ ಇಲ್ಲದ ಒಂದು ಕುರ್ಚಿ, ಗೋಡೆ ಮೇಲೊಂದು ಗಡಿಯಾರ ಇದ್ದರೆ ಸಾಕು. ಈ ಪತ್ರ ಬರೆಯುತ್ತಿರುವುದು ಆ ಕುರ್ಚಿಯ ಸಲುವಾಗಿ.

ನಾನು ನಿವೃತ್ತ ಬಸ್ ಕಂಡಕ್ಟರ್. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ ರೂಟುಗಳಲ್ಲೇ ನನ್ನ ನೌಕರಿ ಮುಗಿಯಿತು. ಬಸ್ಸಿನ ಬಾಗಿಲಲ್ಲಿ ನಿಂತವನಿಗೆ ಜನರ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ. ಒಂದೇ ರೂಟಿನಲ್ಲಿ ವರ್ಷಗಟ್ಟಲೆ ಓಡಾಡಿದರೆ ಅದೇ ಜನ, ಅದೇ ಕಾಲು. ಮೊದಲೆಲ್ಲ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕಂಬಿ ಹಿಡಿದು ಸಲೀಸಾಗಿ ಹತ್ತುತ್ತಿದ್ದ ಅಜ್ಜಿ ಆಮೇಲೆ ಚೀಲವನ್ನು ಮೊದಲು ಒಳಗೆ ಇಡುತ್ತಾಳೆ, ಎರಡೂ ಕೈಯಲ್ಲಿ ಕಂಬಿ ಹಿಡಿಯುತ್ತಾಳೆ. ಇನ್ನೊಂದು ವರ್ಷ ಹೋದರೆ ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮುಂದಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ. ಅಂದರೆ ಮೈ ಎತ್ತುವ ಕೆಲಸ ಕಾಲಿನಿಂದ ಕೈಗೆ ಬಂದಿದೆ. ಆಮೇಲೆ ಹಿಂದಿನಿಂದ ಯಾರಾದರೂ ಕೈ ಕೊಟ್ಟು ನೂಕಬೇಕು. ಅದಾದ ಮೇಲೆ ಒಂದು ದಿನ ಆ ಅಜ್ಜಿ ಬರುವುದೇ ನಿಂತುಹೋಗುತ್ತದೆ. ಊರವರನ್ನು ಕೇಳಿದರೆ, ‘ಕಾಲಾಗ ಕಸುವಿಲ್ರೀ, ಮನ್ಯಾಗ ಕುಂತಾಳ. ವಯಸ್ಸಾತಲ್ರಿ ಇನ್ನ’ ಅನ್ನುತ್ತಾರೆ. ಅಲ್ಲಿಗೆ ಸಂತೆ, ಬೀಗರ ಮನೆ, ಬನಶಂಕರಿ ಜಾತ್ರೆ ಎಲ್ಲ ಮುಗಿದಂತೆ.

‘ವಯಸ್ಸಾತು’ ಅನ್ನುವ ಈ ಮಾತು ನನಗೂ ಆಗ ಸರಿಯೇ ಅನಿಸುತ್ತಿತ್ತು. ಗುಳೇದಗುಡ್ಡದಲ್ಲಿರುವ ನಮ್ಮ ಅಕ್ಕನ ಮೊಮ್ಮಗಳು ಫಿಸಿಯೋಥೆರಪಿ ಓದುತ್ತಾಳೆ. ರಜೆಗೆ ಬಂದಾಗ ಅವಳೇ ಬಿಡಿಸಿ ಹೇಳಿದಳು. ‘ಮುತ್ಯಾ, ಇದಕ್ಕ ಹೆಸರೈತಿ. ಸಾರ್ಕೊಪೀನಿಯಾ ಅಂತಾರ. ವಯಸ್ಸಾದಂಗ ಮಾಂಸಖಂಡ ಕರಗೂದು, ಅದರಕಿಂತ ಜೋರಾಗಿ ಅದರ ಕಸುವು ಕಡಿಮಿ ಆಗೂದು.’ ಈ ಹೆಸರು ಇಟ್ಟಿದ್ದು ಇರ್ವಿನ್ ರೋಸನ್‌ಬರ್ಗ್ ಅನ್ನುವ ಅಮೆರಿಕದ ವಿಜ್ಞಾನಿ, 1980ರ ದಶಕದ ಕೊನೆಗೆ. ಬಹಳ ವರ್ಷ ಅದನ್ನು ಕಾಯಿಲೆ ಅಂತಲೇ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. 2016ರಲ್ಲಿ ಅಮೆರಿಕದ ರೋಗಗಳ ಪಟ್ಟಿಯಲ್ಲಿ ಅದಕ್ಕೊಂದು ನಂಬರ್ ಸಿಕ್ಕಿತು. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಮೈಯ ಮಾಂಸಖಂಡ ನೂರಕ್ಕೆ 3ರಿಂದ 8ರಷ್ಟು ಕಡಿಮೆಯಾಗುತ್ತದಂತೆ. ಅರವತ್ತು ದಾಟಿದ ಮೇಲೆ ಇನ್ನೂ ಬೇಗ. ಅದರಲ್ಲೂ ಮೊದಲು ಸೊರಗುವುದು ಗಕ್ಕನೆ ಕೆಲಸಕ್ಕೆ ಬರುವ ಎಳೆಗಳು. ಎಡವಿದಾಗ ಕಾಲು ಮುಂದಿಟ್ಟು ಸಾವರಿಸಿಕೊಳ್ಳುತ್ತೇವಲ್ಲ, ಆ ಎಳೆಗಳು. ಹರೆಯದವನು ಎಡವಿದರೆ ಎರಡು ಹೆಜ್ಜೆ ಮುಗ್ಗರಿಸಿ ನಿಲ್ಲುತ್ತಾನೆ, ಮುದುಕ ಎಡವಿದರೆ ಬಿದ್ದೇ ಬಿಡುತ್ತಾನೆ. ಯಾಕೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಇದು ತೂಕದ ಮಷಿನ್‌ನಲ್ಲಿ ಕಾಣುವುದಿಲ್ಲ. ನಮ್ಮ ಓಣಿಯ ಗೆಳೆಯರೊಬ್ಬರ ಬೆಲ್ಟು ಹತ್ತು ವರ್ಷದ ಹಿಂದೆ ಇದ್ದ ತೂತಿನಲ್ಲೇ ಇದೆ. ಅವರಿಗೆ ಅದೇ ಒಂದು ಹೆಮ್ಮೆ. ಆದರೆ ಪ್ಯಾಂಟು ತೊಡೆಯ ಹತ್ತಿರ ಸಡಿಲಾಗಿ ಜೋತು ಬಿದ್ದಿದೆ. ತೊಡೆಯಲ್ಲಿ ಮಾಂಸಖಂಡ ಇಳಿದಿದೆ, ಮೈಯಲ್ಲಿ ಕೊಬ್ಬು ಸೇರಿದೆ, ಒಟ್ಟು ತೂಕ ಮಾತ್ರ ಅಷ್ಟೇ. ಇನ್ನು ಕೆಲವರು ಸಕ್ಕರೆ ಕಾಯಿಲೆ ಬಂದ ಮೇಲೆ ಮೈ ಇಳಿದರೆ ‘ಕಂಟ್ರೋಲ್‌ಗೆ ಬಂತು’ ಅಂತ ಖುಷಿ ಪಡುತ್ತಾರೆ. ಇಳಿದದ್ದು ಕೊಬ್ಬೋ ಮಾಂಸಖಂಡವೋ ಅಂತ ನೋಡಿದವರು ಯಾರು?

ನಮ್ಮ ಅಕ್ಕನ ವಿಷಯ ಹೇಳಲೇಬೇಕು. ಆಕೆಗೆ ಎಪ್ಪತ್ತು ದಾಟಿ ನಾಲ್ಕು ವರ್ಷ ಆಯಿತು. ಮೊನ್ನೆ ಮೊನ್ನೆಯವರೆಗೂ ಕುಣಿಮಗ್ಗದಲ್ಲಿ ಕೂತು ಖಣ ನೇಯುತ್ತಿದ್ದಳು. ಕುಣಿಮಗ್ಗ ನೋಡದವರಿಗಾಗಿ ಹೇಳುತ್ತೇನೆ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಅದರ ಅಂಚಿಗೆ ನೆಲಮಟ್ಟದಲ್ಲಿ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿರಬೇಕು. ಕೈ ಲಾಳಿ ಓಡಿಸುತ್ತಿದ್ದರೆ ಕಾಲು ಬೆಳಗಿನಿಂದ ಸಂಜೆಯವರೆಗೆ ಹಲಗೆ ತುಳಿಯುತ್ತಲೇ ಇರುತ್ತದೆ. ನಡುನಡುವೆ ಕುಕ್ಕರ್ ಕೂಗಿತು, ನೂಲು ಮುಗಿಯಿತು, ಯಾರೋ ಬಂದರು ಅಂತ ಕುಣಿಯಿಂದ ಎದ್ದು ಬರಬೇಕು, ಮತ್ತೆ ಹೋಗಿ ಇಳಿಯಬೇಕು. ಸೊಂಟಕ್ಕೆ, ಕಣ್ಣಿಗೆ ಈ ಕೆಲಸದ ಕಾಟ ದೊಡ್ಡದು, ಅದನ್ನು ಹೊಗಳುತ್ತಿಲ್ಲ. ಆದರೆ ಆಕೆಯ ಕಾಲು ಗಟ್ಟಿ ಇದ್ದದ್ದು ಅದರಿಂದಲೇ.

ಒಂದು ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಳು. ಜ್ವರ ಬಿಟ್ಟಿತು, ಮನೆಗೆ ಬಂದಳು. ಬರುವಾಗ ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆಗಳಿದ್ದವು, ಕೆಳಗೆ ‘ವಿಶ್ರಾಂತಿ’ ಅಂತ ಒಂದು ಪದ ಇತ್ತು. ಎಷ್ಟು ದಿನ, ಎಂಥ ವಿಶ್ರಾಂತಿ ಅಂತ ಇರಲಿಲ್ಲ. ನಮ್ಮ ಜನಕ್ಕೆ ಅಷ್ಟು ಸಾಕು. ಸೊಸೆ ಕೈಗೆ ನೀರು, ಬಾಯಿಗೆ ಗಂಜಿ ಕೊಟ್ಟಳು. ಮಗ ಮಂಚದ ಹತ್ತಿರವೇ ಎಲ್ಲಾ ವ್ಯವಸ್ಥೆ ಮಾಡಿಸಿದ. ನೋಡಲು ಬಂದವರೆಲ್ಲ ‘ಏಳಬ್ಯಾಡ್ರಿ ಅಕ್ಕಾರ, ಮಲಗ್ರಿ ಸುಮ್ನ’ ಅಂದರು. ಎಲ್ಲ ಪ್ರೀತಿಯಿಂದಲೇ. ಹೀಗೆ ಮಲಗಿ ಎದ್ದ ಮೇಲೆ ಆಕೆ ಮತ್ತೆ ಮಗ್ಗದ ಹತ್ತಿರ ಹೋಗಿ ಕುಣಿಗೆ ಇಳಿದಳು. ಇಳಿದವಳಿಗೆ ಹತ್ತಲು ಆಗಲಿಲ್ಲ. ಅಂಚಿಗೆ ಎರಡೂ ಕೈ ಊರಿ, ಮೈ ಎತ್ತಲು ಹೋಗಿ, ತೊಡೆ ಗಡಗಡ ನಡುಗಿ ಕೂತಲ್ಲೇ ಕೂತಳು. ಮಗ, ಸೊಸೆ ಬಂದು ಎತ್ತಬೇಕಾಯಿತು.

ಮೊಮ್ಮಗಳು ಬಂದವಳೇ ರವಿಕೆ ಹೊಲಿಯುವ ಅಳತೆ ಟೇಪು ತಗೊಂಡು ಆಯಿಯ ಮೀನಖಂಡಕ್ಕೆ ಸುತ್ತಿದಳು. 30 ಸೆಂಟಿಮೀಟರ್ ಬಂತು. ನಮ್ಮ ಏಷ್ಯಾದವರಿಗಂತ 2019ರಲ್ಲಿ ತಜ್ಞರು ಒಂದು ಅಳತೆ ಗೊತ್ತು ಮಾಡಿದ್ದಾರೆ. ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಮಾಡಿಸಬೇಕು. ಟೇಪು ಇಲ್ಲದಿದ್ದರೂ ನಡೆಯುತ್ತದೆ. ಜಪಾನಿನಲ್ಲಿ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆ ಮಾಡಿ ಮೀನಖಂಡದ ದಪ್ಪನೆಯ ಭಾಗ ಹಿಡಿದು ನೋಡುತ್ತಾರಂತೆ. ಬೆರಳು ಸೇರಿಯೂ ಒಳಗೆ ಜಾಗ ಉಳಿದರೆ ಹುಷಾರಾಗಬೇಕು. ಕಾಲು ಬಾತಿದ್ದವರಿಗೆ ಮಾತ್ರ ಈ ಅಳತೆಗಳು ಸುಳ್ಳು ಹೇಳುತ್ತವೆ.

ಹಾಸಿಗೆ ಹಿಡಿದರೆ ಕಾಲಿಗೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ ಲೆಕ್ಕ ಹಾಕಿ ನೋಡಿ 2007ರಲ್ಲಿ ಪ್ರಕಟಿಸಿದ್ದಾರೆ. ಆರೋಗ್ಯವಾಗಿದ್ದ, ಅರವತ್ತು ದಾಟಿದ ಜನರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿದರು. ಕಾಲುಗಳಿಂದಲೇ ಸರಿಸುಮಾರು ಒಂದು ಕಿಲೋ ಮಾಂಸಖಂಡ ಹೋಗಿತ್ತು. ಜ್ವರ ಇಲ್ಲ, ಕೆಮ್ಮು ಇಲ್ಲ, ಸುಮ್ನೆ ಮಲಗಿದ್ದಕ್ಕೆ ಇಷ್ಟು. ಇನ್ನು ಜ್ವರ ಬಂದು, ಊಟ ಬಿಟ್ಟು ಮಲಗಿದ ನಮ್ಮ ಅಕ್ಕನಂಥವರ ಗತಿ ಏನು? ಡಾಕ್ಟರ್‌ಗಳಿಗೆ ನನ್ನದೊಂದು ವಿನಂತಿ. ವಿಶ್ರಾಂತಿ ಅಂತ ಬರೆಯುವ ಜಾಗದಲ್ಲಿ ಇನ್ನೊಂದು ಸಾಲು ಜಾಸ್ತಿ ಬರೆಯಿರಿ: ಯಾವ ದಿನದಿಂದ ಎದ್ದು ಓಡಾಡಬೇಕು, ದಿನಕ್ಕೆ ಎಷ್ಟು ಸಲ ಏಳಬೇಕು ಅಂತ. ನೀವು ಬರೆದರೆ ಮನೆಯವರು ಕೇಳುತ್ತಾರೆ. ಮುದುಕಿ ತಾನೇ ಎದ್ದರೆ ಬೈಯುತ್ತಾರೆ.

ಹೋದದ್ದು ವಾಪಸ್ ಬರುತ್ತದೆಯೇ? ಇದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ನಮಗೆ ಯಾರೂ ಹೇಳಿಲ್ಲ ಅಷ್ಟೇ. 1990ರಲ್ಲಿ ಮರಿಯಾ ಫಿಯಾಟರೋನ್ ಅನ್ನುವ ಡಾಕ್ಟರು ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ 86ರಿಂದ 96 ವರ್ಷದವರಿಗೆ ಎಂಟು ವಾರ ತೂಕ ಎತ್ತುವ ವ್ಯಾಯಾಮ ಮಾಡಿಸಿದರು. ಕಾಲಿನ ಕಸುವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಾಯಿತು, ಅಂದರೆ ಮೊದಲಿದ್ದದ್ದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ತೊಂಬತ್ತರ ಆಸುಪಾಸಿನವರಿಗೆ! ಅದೇ ತಂಡ 1994ರಲ್ಲಿ 100 ಜನರ ಮೇಲೆ ಇನ್ನೊಂದು ಪರೀಕ್ಷೆ ನಡೆಸಿತು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಹತ್ತು ವಾರ ಆದ ಮೇಲೆ ವ್ಯಾಯಾಮ ಮಾಡಿದವರು ಗಟ್ಟಿಯಾದರು, ನಡಿಗೆ ಚುರುಕಾಯಿತು, ಮೆಟ್ಟಿಲು ಹತ್ತುವುದು ಸುಧಾರಿಸಿತು. ಬರೀ ಪಾನೀಯ ಕುಡಿದವರ ಕಾಲಿಗೆ ಅದರಿಂದ ಏನೂ ಲಾಭ ಆಗಲಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಛಾಪಿಸಿ. ಯಾಕೆಂದರೆ ಈಗ ಕಾಯಿಲೆ ಬಿದ್ದವರನ್ನು ನೋಡಲು ಬರುವವರು ಬಾಳೆಹಣ್ಣು, ಎಳನೀರು ಬಿಟ್ಟು ಪುಡಿಯ ಡಬ್ಬಿ ತರುತ್ತಾರೆ. ನಮ್ಮ ಅಕ್ಕನ ಕಪಾಟಿನಲ್ಲಿ ಅವು ಸಾಲಾಗಿ ಕೂತಿದ್ದವು. ಒಂದು ಡಬ್ಬಿಯ ದುಡ್ಡಿನಲ್ಲಿ ಒಂದು ಮನೆಗೆ ಎಷ್ಟೋ ದಿನ ಹಾಲು ಬರುತ್ತದೆ. ಡಾಕ್ಟರು ಬೇಕು ಅಂತ ಹೇಳಿದರೆ ಕುಡಿಯಲಿ. ಆದರೆ ಪುಡಿ ಕುಡಿದು ಮಂಚದ ಮೇಲೆ ಕೂತರೆ ಕಾಲಿಗೆ ಕಸುವು ಬರುವುದಿಲ್ಲ. ಈ ಕಾಯಿಲೆಗೆಂದೇ ಯಾವ ಮಾತ್ರೆಯೂ ಬಂದಿಲ್ಲ.

ಹಾಗಂತ ಊಟ ಮುಖ್ಯ ಅಲ್ಲ ಅಂತಲ್ಲ. ವ್ಯಾಯಾಮದ ಜೊತೆಗೆ ಪ್ರೋಟೀನ್ ಬೇಕೇ ಬೇಕು. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಅನ್ನುವುದು ಈಗಿನ ತಜ್ಞರ ಸಲಹೆ. 50 ಕಿಲೋ ಇದ್ದರೆ 50ರಿಂದ 60 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು. ನಮ್ಮ ಕಡೆಯ ಊಟ ಇದಕ್ಕೆ ಬಡವಾಗಿಲ್ಲ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಜುಣಕ, ಮೊಸರು ಎಲ್ಲ ಇದೆ. ಕಷ್ಟ ಇರುವುದು ಹಲ್ಲಿನಲ್ಲಿ. ಹಲ್ಲು ಹೋದವರಿಗೆ ಮೊದಲು ರೊಟ್ಟಿ ಬಿಡುತ್ತದೆ, ಆಮೇಲೆ ಕಾಳು, ಶೇಂಗಾ. ಕೊನೆಗೆ ಉಳಿಯುವುದು ಮೆತ್ತನೆಯ ಅನ್ನ, ತಿಳಿ ಸಾರು, ಚಹಾದಲ್ಲಿ ಅದ್ದಿದ ಟೋಸ್ಟು. ಅದರಲ್ಲಿ ಏನಿದೆ? ಮೆತ್ತಗಿನ ಜುಣಕ ಮಾಡಿ ಕೊಡಿ. ಹೆಸರುಬೇಳೆ ಗಟ್ಟಿಯಾಗಿ ಬೇಯಿಸಿ ಕೊಡಿ. ಶೇಂಗಾ ಹಿಂಡಿಯನ್ನು ಮೊಸರಿನಲ್ಲಿ ಕಲಸಿ ಕೊಡಿ. ತಿನ್ನುವವರಾದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ರಾತ್ರಿ ಒಮ್ಮೆಲೇ ತಿಂದರೆ ಆಗದು, ಮೂರೂ ಹೊತ್ತು ಹಂಚಿ ತಿನ್ನಬೇಕು. ಇನ್ನೊಂದು ಮಾತು, ಹೆಣ್ಣುಮಕ್ಕಳ ಮನಸ್ಸಿಗೆ ಬೇಜಾರಾದರೂ ಆಗಲಿ: ಮನೆಯ ಅಜ್ಜನಿಗೆ ಸಿಗುವ ಹಾಲು ಅಜ್ಜಿಗೆ ಸಿಗುವುದಿಲ್ಲ. ಆಕೆಯೇ ಬೇಡ ಅನ್ನುತ್ತಾಳೆ. ಬೇಡ ಅಂದರೂ ಕೊಡಿ.

ಅಕ್ಕನಿಗೆ ಮೊಮ್ಮಗಳು ಕೊಟ್ಟ ಪಾಠ ಸಾದಾ ಇತ್ತು. ಗೋಡೆಗೆ ತಾಗಿಸಿದ ಮರದ ಕುರ್ಚಿ. ಮೊದಮೊದಲು ಅದರ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ ಅಲ್ಲಿಂದ ಎದ್ದು ಕೂರುವುದು. ಕೂರುವಾಗ ದೊಪ್ಪನೆ ಬೀಳಬಾರದು, ನಿಧಾನಕ್ಕೆ ಇಳಿಯಬೇಕು, ಅರ್ಧ ಕಸುವು ಬರುವುದೇ ಅದರಿಂದ. ರೂಢಿಯಾದ ಮೇಲೆ ಒಂದು ದಿಂಬು ತೆಗೆದಳು, ಆಮೇಲೆ ಇನ್ನೊಂದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ಕೂತಲ್ಲೇ ಮೊಣಕಾಲು ನೀಡುವುದು, ಅದು ಸಲೀಸಾದ ಮೇಲೆ ಬಟ್ಟೆಯ ಚೀಲದಲ್ಲಿ ಅರ್ಧ ಕಿಲೋ ಜೋಳ ತುಂಬಿ ಕಾಲಿಗೆ ಕಟ್ಟಿ ನೀಡುವುದು. ‘ಕೊನೀ ಎರಡು ಸಲ ತ್ರಾಸ ಆಗಬೇಕು ಆಯಿ. ತ್ರಾಸ ಆಗಲಿಲ್ಲಂದ್ರ ಕಾಲಿಗೆ ಸುದ್ದಿನೇ ಮುಟ್ಟಂಗಿಲ್ಲ’ ಅನ್ನುತ್ತಿದ್ದಳು ಹುಡುಗಿ. ಉಸಿರು ಬಿಗಿ ಹಿಡಿಯಬಾರದು, ಎದೆನೋವು ಅಥವಾ ತಲೆಸುತ್ತು ಬಂದರೆ ನಿಲ್ಲಿಸಬೇಕು, ನಡುವೆ ಒಂದು ದಿನ ಬಿಡಬೇಕು. ಇಷ್ಟೇ ನಿಯಮ. ಅಕ್ಕ ಮೊದಲು ನಕ್ಕಳು, ‘ಈ ವಯಸ್ಸಿನ್ಯಾಗ ಬೈಠಕ್ ಹೊಡೀಲೇನ ನಾ?’ ಅಂತ. ಯುಗಾದಿ ಹೊತ್ತಿಗೆ ಕುಣಿಯಿಂದ ತಾನೇ ಎದ್ದು ಬಂದಳು. ಮೊದಲಿನ ಹಾಗೆ ದಿನವಿಡೀ ನೇಯಲು ಆಗುವುದಿಲ್ಲ. ಬಚ್ಚಲಿಗೆ, ಗುಡಿಗೆ, ಅಂಗಡಿಗೆ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುತ್ತಾಳೆ.

ಬೈಠಕ್ ಅಂದಿದ್ದಕ್ಕೆ ನೆನಪಾಯಿತು. ಗರಡಿಮನೆ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೆ ಸೀಟಿ ಹೊಡೆಯುತ್ತೇವೆ, ಬೆಳ್ಳಿ ಕಡಗ ಹಾಕುತ್ತೇವೆ. ಆದರೆ ಭಾರ ಎತ್ತುವುದು ಹರೆಯದವರ ಕೆಲಸ, ವಯಸ್ಸಾದವರಿಗೆ ವಾಕಿಂಗ್ ಸಾಕು ಅಂತ ಎಲ್ಲರ ತಲೆಯಲ್ಲೂ ಕೂತಿದೆ. ನವನಗರದಲ್ಲಿ ಬೆಳಿಗ್ಗೆ ನೋಡಿ, ಎಷ್ಟು ಜನ ವಾಕಿಂಗ್ ಮಾಡುತ್ತಾರೆ! ಒಳ್ಳೆಯದೇ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದು ಬೇಕು. ವಾಕಿಂಗ್‌ಗಿಂತ ಜಾಸ್ತಿ ಹೊತ್ತು ಬೆಂಚಿನ ಮೇಲೆ ರಾಜಕೀಯ ನಡೆಯುತ್ತದೆ ಅನ್ನುವುದು ಬೇರೆ ಮಾತು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಬರೀ ನಡಿಗೆ ಅಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡಕ್ಕೆ ಕಸುವು ಕೊಡುವ ವ್ಯಾಯಾಮ, 3 ದಿನ ತೋಲ ತಪ್ಪದಂತೆ ನಿಲ್ಲುವ ಅಭ್ಯಾಸ ಮಾಡಬೇಕು ಅಂತ ಅದು ಹೇಳುತ್ತದೆ. ಹಿಂದೆ ಇದು ಮನೆಗೆಲಸದಲ್ಲೇ ಆಗುತ್ತಿತ್ತು. ನೆಲದ ಮೇಲೆ ಊಟ, ನೆಲದ ಮೇಲೆ ರೊಟ್ಟಿ ಬಡಿಯುವುದು, ಕುಕ್ಕರಗಾಲಲ್ಲಿ ಕೂರುವುದು. ಈಗ ಸೋಫಾ, ಗ್ಯಾಸ್ ಕಟ್ಟೆ, ಕಮೋಡ್ ಬಂದವು. ಮೊಣಕಾಲು ಸವೆದವರಿಗೆ ಅವು ವರವೇ. ಅವುಗಳಿಂದ ತಪ್ಪಿಹೋದ ಏಳು-ಕೂರು ಕೆಲಸವನ್ನು ಬೇರೆ ಕಡೆ ತುಂಬಿಕೊಳ್ಳಬೇಕು ಅಷ್ಟೇ.

ಇನ್ನು ಆ ಕುರ್ಚಿಯ ವಿಷಯ. ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಅದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಕಸುವು ಕಡಿಮೆಯಾಗಿದೆ ಅಂತ ಲೆಕ್ಕ. ಇದೂ 2019ರ ಏಷ್ಯಾ ಅಳತೆಯೇ. ಅದರ ಜೊತೆಗೆ ಐದು ಪ್ರಶ್ನೆ ಕೇಳಬಹುದು. ನಾಲ್ಕೂವರೆ ಕಿಲೋ ತೂಕ ಎತ್ತಲು ಕಷ್ಟವೇ? ಕೋಣೆ ದಾಟಿ ನಡೆಯಲು? ಮಂಚದಿಂದ ಏಳಲು? ಹತ್ತು ಮೆಟ್ಟಿಲು ಹತ್ತಲು? ಕಳೆದ ವರ್ಷ ಎಷ್ಟು ಸಲ ಬಿದ್ದಿರಿ? ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ನಾಲ್ಕು ಅಥವಾ ಜಾಸ್ತಿ ಆದರೆ ಡಾಕ್ಟರು ಪೂರ್ತಿ ನೋಡಬೇಕು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಸಾಲಿನಲ್ಲಿ ನಿಂತು ಕಾಯುವ ಹೊತ್ತಿನಲ್ಲೇ ಮುಗಿದುಹೋಗುತ್ತದೆ.

ಹಿರಿಯರ ಆರೋಗ್ಯಕ್ಕಂತ 2010ರಿಂದಲೇ ರಾಷ್ಟ್ರೀಯ ಕಾರ್ಯಕ್ರಮ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡು, ಫಿಸಿಯೋಥೆರಪಿ ಎಲ್ಲ ಅದರ ಯೋಜನೆಯಲ್ಲಿವೆ. ಹೊಸ ಯೋಜನೆ ಬೇಕು ಅಂತ ನಾನು ಕೇಳುತ್ತಿಲ್ಲ. ಆ ವಾರದ ದಿನ ಯಾವುದು ಅಂತ ಬಾಗಿಲ ಮೇಲೆ ದೊಡ್ಡದಾಗಿ ಬರೆಯಿರಿ. ಬಿಪಿ ಬರೆಯುವ ಪುಸ್ತಕದಲ್ಲಿ ‘ಕುರ್ಚಿ: ಎಷ್ಟು ಸೆಕೆಂಡು’ ಅಂತ ಒಂದು ಕಾಲಂ ಹಾಕಿ. ಹೋದ ಸಲ ಹತ್ತು ಸೆಕೆಂಡು ಇದ್ದದ್ದು ಈ ಸಲ ಹದಿನಾಲ್ಕಾದರೆ ಕೇಳಿ, ಯಾಕಜ್ಜಾ ಅಂತ. ಫಿಸಿಯೋಥೆರಪಿಯವರು ತಿಂಗಳಿಗೆ ಒಂದು ದಿನ ತಾಲ್ಲೂಕಿನ ಹಳ್ಳಿಗಳಿಗೆ ಬಂದು ನಾಲ್ಕು ವ್ಯಾಯಾಮ ಕಲಿಸಿದರೂ ದೊಡ್ಡ ಕೆಲಸ. ಸೊಂಟದ ಮೂಳೆ ಮುರಿದ ಮೇಲೆ ಆಗುವ ಆಪರೇಷನ್ ಖರ್ಚು ಎಲ್ಲರಿಗೂ ಗೊತ್ತಿದೆ.

ಈಗ ಡ್ಯೂಟಿ ಮೇಲಿರುವ ಕಂಡಕ್ಟರ್ ಹುಡುಗರಿಗೂ ಒಂದು ಮಾತು. ಟೈಮಿನ ಒತ್ತಡ ನನಗೆ ಗೊತ್ತಿಲ್ಲದ್ದಲ್ಲ. ಆದರೂ ವಯಸ್ಸಾದವರು ಹತ್ತಿದ ಮೇಲೆ ಸೀಟಿನಲ್ಲಿ ಕೂರುವವರೆಗೆ ಸೀಟಿ ಊದಬೇಡಿ. ಬಸ್ಸು ಜಗ್ಗಿದಾಗ ಬೀಳುವವರು ಅವರೇ.

ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಸೋಮವಾರ, ಗುರುವಾರ ಸಂಜೆ ಹನುಮಪ್ಪನ ಗುಡಿ ಅಂಗಳದಲ್ಲಿ ಸೇರುತ್ತೇವೆ. ಎದ್ದು ಕೂರುವುದು, ಹಿಮ್ಮಡಿ ಎತ್ತುವುದು, ನೀರಿನ ಬಾಟಲಿ ಎತ್ತುವುದು, ಆಮೇಲೆ ಒಂದೊಂದು ಹಿಡಿ ಹುರಿದ ಶೇಂಗಾ. ಮೊದಲು ಗಂಡಸರೇ ಇದ್ದೆವು, ಈಗ ಹೆಣ್ಣುಮಕ್ಕಳೇ ಜಾಸ್ತಿ. ಯಾವ ಓಣಿಯವರು ಬೇಕಾದರೂ ಬರಬಹುದು, ಫೀ ಇಲ್ಲ. ಕುರ್ಚಿ ಮಾತ್ರ ನೀವೇ ತರಬೇಕು, ಪ್ಲಾಸ್ಟಿಕ್‌ದು ಬೇಡ, ಜಾರುತ್ತದೆ.

— ನಿವೃತ್ತ ಬಸ್ ಕಂಡಕ್ಟರ್, ನವನಗರ, ಬಾಗಲಕೋಟೆ